ಅಂಜಿನಪ್ಪ ಮತ್ತು ಇತರರು

ಗಾಜಿನ ಗೋಡೆಯ ಮೇಲೆ ಒಂದು ನೀಲಿ ಚುಕ್ಕೆ ಮಿನುಗಿ ಆರಿತು. ಅರ್ಧ ನಿಮಿಷ ಬಿಟ್ಟು ಇನ್ನೊಂದು. ಆಮೇಲೆ ಒಟ್ಟಿಗೇ ನಾಲ್ಕು.

“ಸೌತ್ ಅಮೆರಿಕ,” ಎಂದರು ಡಾ. ಬಾರ್ತಾಕ್ ಹೊವೀನ್, ಬಾಯಲ್ಲಿದ್ದ ಇಡ್ಲಿಯನ್ನು ಪೂರ್ತಿ ನುಂಗದೆಯೇ. “ಅಲ್ಯಾವ್ದೋ ಅಣುಸ್ಥಾವರ ರಿಪೇರಿ ಮುಗ್ಸ್ಕೊಂಡು ಶುರುವಾಯ್ತು ನೋಡು.”

“ನಾಲ್ಕು ಚುಕ್ಕೆ ನೋಡಿ ಖಂಡದ ಹೆಸರು ಹೇಳುವುದು ವಿಜ್ಞಾನವಲ್ಲ, ಗಿಣಿಶಾಸ್ತ್ರ,” ಎಂದರು ಪಕ್ಕದ ಕುರ್ಚಿಯಲ್ಲಿದ್ದ ಡಾ. ಇಲ್ಯಾನಾ ತೊರೆಸ್ಕ್. “ದಯವಿಟ್ಟು ನಲವತ್ತಾದರೂ ಬರುವವರೆಗೆ ಬಾಯಿ ಮುಚ್ಚಿಕೊಂಡಿರಿ.”

ಮರುದಿನ ಲೆಕ್ಕ ಹಾಕಿ ನೋಡಿದಾಗ ಬಾರ್ತಾಕ್ ಹೇಳಿದ್ದೇ ನಿಜವಾಗಿತ್ತು. ಇಲ್ಯಾನಾ ಒಪ್ಪಲಿಲ್ಲ. ಸರಿಯುತ್ತರವಾದರೂ ತಪ್ಪು ದಾರಿಯಲ್ಲಿ ಬಂದರೆ ಅದಕ್ಕೆ ಸೊನ್ನೆ ಅಂಕ ಎಂಬುದು ಅವರ ವಾದ. ಹನ್ನೊಂದು ವರ್ಷಗಳಿಂದ ಈ ಇಬ್ಬರೂ ಕೋಲಾರದ ಹಳೆಯ ಚಿನ್ನದ ಗಣಿಯಲ್ಲಿ, ನೆಲದಿಂದ ಮೂರು ಕಿಲೋಮೀಟರ್ ಕೆಳಗೆ, ಹೀಗೆಯೇ ಜಗಳವಾಡಿಕೊಂಡು ಬಂದಿದ್ದರು.

ಆ ಗೋಡೆಯ ವಿಷಯ ಸ್ವಲ್ಪ ಹೇಳಬೇಕು. ನ್ಯೂಟ್ರಿನೊ ಎಂಬ ಕಣವೊಂದಿದೆ. ಅದಕ್ಕೆ ಯಾವುದರ ಹಂಗೂ ಇಲ್ಲ. ಬೆಟ್ಟ, ಸಮುದ್ರ, ಇಡೀ ಭೂಮಿ ಅಡ್ಡ ಬಂದರೂ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಟುಹೋಗುತ್ತದೆ. ಗಣಿಯವರು ಅದನ್ನು ಭೂತಕಣವೆಂದು ಕರೆದರು, ಹೆಸರು ನಿಂತಿತು. ಅಣುಸ್ಥಾವರ ಉರಿಯುವಾಗ, ಅಣುಬಾಂಬು ಸಿಡಿಯುವಾಗ ಈ ಭೂತಕಣಗಳು ಕೋಟಿ ಕೋಟಿ ಹೊಮ್ಮುತ್ತವೆ. ಅವನ್ನು ಹಿಡಿಯುವುದೇ ಕಷ್ಟ. ನಲವತ್ತೊಂದು ದೇಶಗಳ ವಿಜ್ಞಾನಿಗಳು ಸೇರಿ ಮೂವತ್ತು ವರ್ಷ ಹೆಣಗಿ, ಕೊನೆಗೆ ಹಿಡಿಗಾಜು ಎಂಬ ಹೊಸ ಗಾಜನ್ನು ಮಾಡಿದರು. ಭೂತಕಣ ಬಡಿದಾಗ ಅದು ನೀಲಿಯಾಗಿ ಮಿನುಗುತ್ತಿತ್ತು. ಅಂಥ ಗಾಜಿನಿಂದ ಆರು ಅಂತಸ್ತಿನಷ್ಟು ಎತ್ತರದ ಗೋಡೆಗಳನ್ನು ಗಣಿಯ ಹೊಟ್ಟೆಯಲ್ಲಿ ನಿಲ್ಲಿಸಿ ಪಾತಾಳದರ್ಶಕ ಎಂದು ಹೆಸರಿಟ್ಟರು. ಬ್ರಹ್ಮಾಂಡ ಹೇಗೆ ಹುಟ್ಟಿತೆಂದು ತಿಳಿಯುವುದು ಅವರ ಉದ್ದೇಶ. ಅದು ಇನ್ನೂ ತಿಳಿದಿಲ್ಲ. ಆದರೆ ಜಗತ್ತಿನ ಯಾವ ಮೂಲೆಯಲ್ಲಿ ಯಾರು ಕದ್ದು ಬಾಂಬು ಸಿಡಿಸಿದರೂ ಕೋಲಾರಕ್ಕೆ ಗೊತ್ತಾಗುತ್ತದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಸಿಡಿಸುವವರೆಲ್ಲ ಕೈಕಟ್ಟಿ ಕೂತರು. ಹದಿನೇಳು ವರ್ಷಗಳಲ್ಲಿ ಒಂದೂ ಸಿಡಿಯಲಿಲ್ಲ.

ಪಾತಾಳದರ್ಶಕಕ್ಕೆ ಕೆಲವು ನಿಯಮಗಳಿದ್ದವು. ಒಂದು ಪಾಳಿಯಲ್ಲಿ ಇಬ್ಬರು ವಿಜ್ಞಾನಿಗಳು, ಇಬ್ಬರೂ ಬೇರೆ ಬೇರೆ ದೇಶದವರಾಗಿರಬೇಕು. ಮೊದಲ ನಿರ್ದೇಶಕರು ತಮಾಷೆಯ ಮನುಷ್ಯ. ನಕ್ಷೆ ಮುಂದಿಟ್ಟುಕೊಂಡು ಯಾರಿಗೆ ಯಾರನ್ನು ಕಂಡರಾಗುವುದಿಲ್ಲವೋ ಅವರನ್ನೇ ಹುಡುಕಿ ಜೋಡಿ ಮಾಡಿದ್ದರು. ಬಾರ್ತಾಕ್ ವೆಲ್ದಾರ್ ದೇಶದವರು, ಇಲ್ಯಾನಾ ಕೊರೂನ್ ದೇಶದವರು. ಎರಡೂ ಅಕ್ಕಪಕ್ಕದ ಪುಟ್ಟ ದೇಶಗಳು, ನೂರು ವರ್ಷದ ಹಗೆ. ಇಬ್ಬರಿಗೂ ಮತ್ತೊಬ್ಬರ ಭಾಷೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಶತ್ರುವಿನ ಭಾಷೆಯಲ್ಲಿ ಜಗಳಕ್ಕಿಳಿದರೆ ಅಲ್ಲಿಗೆ ಅರ್ಧ ಸೋತಂತೆ. ಹಾಗಾಗಿ ಕನ್ನಡ ಕಲಿತು ಕನ್ನಡದಲ್ಲೇ ಜಗಳವಾಡುತ್ತಿದ್ದರು. ಇಲ್ಯಾನಾ ಪುಸ್ತಕ ಓದಿ ಕಲಿತರು. ಬಾರ್ತಾಕ್ ಅಂಜಿನಪ್ಪನಿಂದ ಕಲಿತರು.

ಅಂಜಿನಪ್ಪ ಗಣಿಯ ಕೇಜು ನಡೆಸುವವನು. ಮೂರು ಕಿಲೋಮೀಟರ್ ಆಳಕ್ಕೆ ಜನರನ್ನು ಇಳಿಸಿ ಹತ್ತಿಸುವ ಕಬ್ಬಿಣದ ಪಂಜರಕ್ಕೆ ಗಣಿಯಲ್ಲಿ ಕೇಜೆಂದೇ ಹೆಸರು. ಓದಿದ್ದು ಏಳನೇ ಕ್ಲಾಸು. ಜಗತ್ತಿನ ಭೌತವಿಜ್ಞಾನಿಗಳಲ್ಲೆಲ್ಲ ಅತ್ಯಂತ ಹೆಸರುವಾಸಿ ಈತನೇ!

ಇದೇನು ಸೋಜಿಗವೆಂದರೆ, ಇದೂ ಒಂದು ನಿಯಮದ ಫಲ. ಕಣವಿಜ್ಞಾನದಲ್ಲಿ ಒಂದು ಯಂತ್ರಕ್ಕಾಗಿ ನೂರಾರು ಜನ ದುಡಿಯುತ್ತಾರೆ. ಯಾರದು ಹೆಚ್ಚು, ಯಾರದು ಕಡಿಮೆ ಎಂದು ತೂಗಲು ಹೋದರೆ ಕೈಕೈ ಮಿಲಾಯಿಸಬೇಕಾಗುತ್ತದೆ. ಆದ್ದರಿಂದ ಪಾಳಿಯಲ್ಲಿ ದುಡಿದವರೆಲ್ಲರ ಹೆಸರೂ ಪ್ರಬಂಧದಲ್ಲಿ ಇರಬೇಕು, ಅದೂ ಇಂಗ್ಲಿಷ್ ಅಕ್ಷರಕ್ರಮದಲ್ಲಿ. ಕೇಜಿನವನೂ ಪಾಳಿಯವನೇ ತಾನೇ? ಮೊದಲು ಫಿನ್ಲೆಂಡಿನ ಆಲ್ಟೋನೆನ್ ಎಂಬವರು ಪಟ್ಟಿಯ ತುದಿಯಲ್ಲಿದ್ದರು. ಅವರು ನಿವೃತ್ತರಾದರು. ಅಗರ್‌ವಾಲ್ ಬೇರೆ ಪ್ರಯೋಗಕ್ಕೆ ಹೋದರು. ಆಂಡರ್ಸ್ ಎಂಬ ಹುಡುಗ ಮದುವೆಯಾಗಿ ಹೆಂಡತಿಯ ಮನೆತನದ ಹೆಸರಿಟ್ಟುಕೊಂಡು ಪಟ್ಟಿಯ ಬುಡಕ್ಕೆ ಜಾರಿದ. ಅಂದಿನಿಂದ ಪಾತಾಳದರ್ಶಕದ ಪ್ರಬಂಧಗಳೆಲ್ಲ ಜಗತ್ತಿಗೆ ‘ಅಂಜಿನಪ್ಪ ಮತ್ತು ಇತರರು’ ಎಂದೇ ಪರಿಚಯ. ಮುನ್ನೂರ ಹನ್ನೊಂದು ಜನ ‘ಇತರರು’. ಅವರಲ್ಲಿ ನಿರ್ದೇಶಕಿ ಡಾ. ಯಮುನಾ ಮುನಿಸ್ವಾಮಿಯವರೂ ಒಬ್ಬರು.

ಹೀಗಿರುವಾಗ ಅಕ್ಟೋಬರಿನ ಒಂದು ದಿನ ವೆಲ್ದಾರ್ ಮತ್ತು ಕೊರೂನ್ ಗಡಿಯ ಬೆಟ್ಟದ ಕೆಳಗೆ ನೆಲ ನಡುಗಿತು. ಎರಡೂ ಕಡೆ ಸಾವಿರಾರು ಮನೆಗಳ ಗೋಡೆ ಬಿರುಕುಬಿಟ್ಟವು. ನಡುಕ ನಿಂತ ಎರಡೇ ಗಂಟೆಗಳಲ್ಲಿ ವೆಲ್ದಾರ್ ಸರ್ಕಾರ, ಕೊರೂನ್ ಬೆಟ್ಟದಡಿ ಬಾಂಬು ಸಿಡಿಸಿದೆ ಎಂದಿತು. ಕೊರೂನ್ ಸರ್ಕಾರ, ಸಿಡಿಸಿದ್ದು ವೆಲ್ದಾರ್ ಎಂದಿತು. ತಮಾಷೆಯೆಂದರೆ, ತನ್ನ ಸೇನೆಯವರೇ ತನಗೆ ಹೇಳದೆ ಏನಾದರೂ ಮಾಡಿಬಿಟ್ಟಿದ್ದಾರೆಯೇ ಎಂಬ ಅಳುಕು ಎರಡೂ ಸರ್ಕಾರಗಳಿಗೆ ಇತ್ತು. ಅಳುಕಿದವರ ಗಂಟಲೇ ದೊಡ್ಡದಾಗಿರುತ್ತದೆ. ವಾರದೊಳಗೆ ಎರಡೂ ಸೇನೆಗಳು ಗಡಿಗೆ ಬಂದು ನಿಂತವು.

ಬೆಟ್ಟದ ತಪ್ಪಲಲ್ಲಿ ಕೊರೂನಿನ ಸೆಲ್ನಾ ಎಂಬ ಪೇಟೆ. ವೆಲ್ದಾರಿನ ಫಿರಂಗಿಗಳು ಬೆಟ್ಟದ ಮೇಲೆ, ನೇರ ಸೆಲ್ನಾದ ಕಡೆ ಮುಖಮಾಡಿದ್ದವು. ಇಲ್ಯಾನಾರ ಗಂಡ ಯಾನೊ ಸೆಲ್ನಾದಲ್ಲಿ ರೈಲು ಚಾಲಕ. ಮೊದಲ ಗುಂಡು ಬಿದ್ದಾಗ ಜನರನ್ನು ತುಂಬಿಕೊಂಡು ಹೊರಡಬೇಕು, ಅಲ್ಲಿಯವರೆಗೆ ಎಂಜಿನ್ ಬಿಟ್ಟು ಕದಲಬಾರದು ಎಂದು ಅವನಿಗೆ ಅಪ್ಪಣೆಯಾಗಿತ್ತು. ಅಂದರೆ ಊರು ಬಿಡುವವರಲ್ಲಿ ಅವನೇ ಕೊನೆಯವನು. ದಿನಕ್ಕೊಮ್ಮೆ ಮಧ್ಯಾಹ್ನ ರೈಲ್ವೆ ತಂತಿಯ ಮೂಲಕ ಹೆಂಡತಿಗೆ ಒಂದೇ ಪದ ಕಳಿಸುತ್ತಿದ್ದ: ‘ಇದ್ದೇನೆ’. ಆ ಪದ ಬರುವವರೆಗೆ ಇಲ್ಯಾನಾ ಊಟಕ್ಕೆ ಕೂರುತ್ತಿರಲಿಲ್ಲ.

ಅಕ್ಕಪಕ್ಕದ ದೇಶಗಳು ಮಧ್ಯೆ ಬಂದು ಒಂದು ಒಪ್ಪಂದ ಮಾಡಿಸಿದವು. ಕೋಲಾರ ಹೇಳುವವರೆಗೆ ಯಾರೂ ಗುಂಡು ಹಾರಿಸಕೂಡದು. ಬಾಂಬು ಸಿಡಿದಿತ್ತೇ, ಸಿಡಿದಿದ್ದರೆ ಯಾರದು ಎಂಬುದನ್ನು ಯಂತ್ರ ಹೇಳಬಲ್ಲದು. ಒಬ್ಬರ ಬಾಂಬು ಯುರೇನಿಯಂದು, ಇನ್ನೊಬ್ಬರದು ಪ್ಲುಟೋನಿಯಂದು. ಎರಡರ ಭೂತಕಣಗಳ ಶಕ್ತಿಯಲ್ಲಿ ಚೂರು ವ್ಯತ್ಯಾಸವಿರುತ್ತದೆ. ಒಪ್ಪಂದದ ಕೊನೆಯ ಸಾಲು ಹೀಗಿತ್ತು: ‘ಅಂಜಿನಪ್ಪ ಮತ್ತು ಇತರರ ತೀರ್ಪಿಗೆ ಉಭಯ ದೇಶಗಳೂ ಬದ್ಧ.’

“ಯಂತ್ರ ಕಂಡಿದ್ನೆಲ್ಲ ತುಂಬಿಟ್ಟವ್ರಲ್ಲ, ಆ ಪೆಟ್ಟಿಗೆ ತೆಗೆದು ನೋಡಿ ಏಳ್ಬುಡೋಕೆ ಎಷ್ಟೊತ್ತು ಬೇಕು ಮೇಡಂ?” ಮರುದಿನ ಕೇಜು ಇಳಿಸುತ್ತಾ ಅಂಜಿನಪ್ಪ ಕೇಳಿದ.

“ತೆಗೆಯೋಕೆ ಒಂದು ನಿಮಿಷ,” ಎಂದರು ಯಮುನಾ. ಬಂಗಾರಪೇಟೆಯವರು, ಅಂಜಿನಪ್ಪನಿಗಿಂತ ಎಂಟು ವರ್ಷ ಚಿಕ್ಕವರು. “ತೆಗೆಯೋ ಹಾಗೆ ಆಗೋಕೆ ಎಷ್ಟು ದಿನವೋ, ದೇವರಿಗೇ ಗೊತ್ತು.”

“ಅದ್ಯಾಕೆ?”

“ಅಂಜಿನಪ್ಪಣ್ಣ, ಕಬಡ್ಡಿ ಅಂಕಣದ ಗೆರೆ ಯಾವಾಗ ಎಳೀತೀರಿ?”

“ಆಟಕ್ಕೆ ಮುಂಚೆ.”

“ಆಟ ಆದಮೇಲೆ, ಕಾಲು ಎಲ್ಲಿ ಬಿದ್ದಿದೆ ಅಂತ ನೋಡ್ಕೊಂಡು ಗೆರೆ ಎಳೆದರೆ?”

“ಒಡೆದಾಟ ಆಯ್ತದೆ. ಯಾರ್ ಕೈಲಿ ಸುಣ್ಣ ಐತೋ ಅವರೇ ಗೆಲ್ತಾರೆ.”

“ಅದಕ್ಕೇ ನಮ್ಮದು ಕಣ್ಮುಚ್ಚು ಪದ್ಧತಿ. ಯಂತ್ರ ಕಂಡದ್ದೆಲ್ಲ ಮೊದಲ ದಿನ ಮೊಹರು ಪೆಟ್ಟಿಗೆಯಲ್ಲೇ ಇರುತ್ತೆ. ತಕರಾರು ಎದ್ದರೆ ಅಲ್ಲೇ ಉಳಿಯುತ್ತೆ. ಆ ದಿನದ ಪಾಳಿ ಪುಸ್ತಕವೂ ಒಳಗೇ. ಲೆಕ್ಕ ಹೇಗೆ ಹಾಕಬೇಕು ಅಂತ ಮೊದಲು ಬರೆದು, ಎಲ್ಲರೂ ಒಪ್ಪಬೇಕು. ಆಮೇಲೇ ತೆಗೆಯೋದು. ಮುನ್ನೂರ ಹನ್ನೆರಡು ಜನರಲ್ಲಿ ಯಾರೇ ಆಕ್ಷೇಪಣೆ ಎತ್ತಿದರೂ ಬರಹದಲ್ಲಿ ಉತ್ತರ ಕೊಡಬೇಕು. ಹದಿನಾಲ್ಕು ದಿನ ಯಾರೂ ತುಟಿಪಿಟಕ್ ಅನ್ನದೆ ಇದ್ದರೆ ಮೊಹರು ಒಡೀಬಹುದು. ಹದಿಮೂರನೇ ದಿನ ಯಾರಾದರೂ ಕೆಮ್ಮಿದರೆ ಮತ್ತೆ ಮೊದಲಿಂದ ಎಣಿಕೆ.”

“ಮತ್ತೆ ಪೆಟ್ಟಿಗೇಲಿ ಏನೈತೆ ಅಂತ ಯಾರಾರಾ ಮಾತಾಡಿದ್ರೆ?”

“ಅವತ್ತೇ ಮನೆಗೆ. ಪೆಟ್ಟಿಗೆಯೊಳಗಿನ ದಿನದ ಬಗ್ಗೆ ಬಾಯಿಗೆ ಬೀಗ. ಅದು ಎಲ್ಲಕ್ಕಿಂತ ದೊಡ್ಡ ನಿಯಮ.”

ಅಂಜಿನಪ್ಪ ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡು ಕೇಜಿನ ಸರಳನ್ನೆಳೆದ.

ಕೆಮ್ಮುವವರಿಗೇನು ಬರವೇ! ಲೆಕ್ಕದ ವಿಧಾನ ಬರೆದು ಹಂಚಿದ ದಿನವೇ ಎಂಬತ್ತನಾಲ್ಕು ಆಕ್ಷೇಪಣೆಗಳು ಬಂದವು. ಒಬ್ಬರಿಗೆ ಏಳನೇ ಚಿತ್ರದ ಬಣ್ಣ ಹಿಡಿಸಲಿಲ್ಲ. ಒಬ್ಬರು ಎರಡನೇ ಪುಟದಲ್ಲಿ ಒಂದು ಅಲ್ಪವಿರಾಮ ಹೆಚ್ಚಾಗಿದೆ ಎಂದರು. ಇನ್ನೊಬ್ಬರು ಅದು ಇರಲೇಬೇಕು ಎಂದು ನಾಲ್ಕು ಪುಟ ಬರೆದರು. ಯಮುನಾ ತಲೆ ಚಚ್ಚಿಕೊಂಡು ಒಂದೊಂದಕ್ಕೂ ಉತ್ತರ ಬರೆದರು. ನವೆಂಬರ್ ಮಧ್ಯದ ಹೊತ್ತಿಗೆ ಎಲ್ಲ ಸುಮ್ಮನಾದರು, ಎಣಿಕೆ ಶುರುವಾಯಿತು. ಹದಿಮೂರನೇ ದಿನ ಇಲ್ಯಾನಾ ಕೆಮ್ಮಿದರು.

“ಮೂರನೇ ದಶಮಾಂಶ ಸ್ಥಾನ ತಪ್ಪಾಗಿದೆ,” ಎಂದು ಅವರ ಆಕ್ಷೇಪಣೆ.

“ತಪ್ಪಿಲ್ಲ, ಅದು ಸರಿಯಾಗೇ ಐತೆ,” ಎಂದು ಬಾರ್ತಾಕ್ ಒಂಬತ್ತು ಪುಟದ ಉತ್ತರ ಬರೆದರು. ಮತ್ತೆ ಎಣಿಕೆ. ಮತ್ತೆ ಹದಿಮೂರನೇ ದಿನ. ಈ ಸಲ ಬಾರ್ತಾಕ್ ತಮ್ಮದೇ ಉತ್ತರದ ಮೇಲೆ ತಾವೇ ಆಕ್ಷೇಪಣೆ ಎತ್ತಿದರು!

ಯಮುನಾಗೆ ರೇಗಿಹೋಯಿತು. ಅಷ್ಟರಲ್ಲಿ ಅವರೆಕಾಯಿ ಕಾಲ ಬಂದಿತ್ತು. ಕ್ಯಾಂಟೀನಿನಲ್ಲಿ ನೆನೆಸಿದ ಅವರೆಕಾಳಿನ ದೊಡ್ಡ ಪಾತ್ರೆ ಮುಂದಿಟ್ಟುಕೊಂಡು ಇಲ್ಯಾನಾ, ಬಾರ್ತಾಕ್, ಅಂಜಿನಪ್ಪ ಮೂವರೂ ಬೇಳೆ ಹಿತುಕುತ್ತಾ ಕೂತಿದ್ದರು. ಮೊದಲಿಬ್ಬರ ಬಾಯಿ ದಶಮಾಂಶದ ಮೇಲೆ, ಬೆರಳು ಕಾಳಿನ ಮೇಲೆ.

“ನಿಮ್ಮಿಬ್ಬರಿಗೂ ಏನಾಗಿದೆ?” ಯಮುನಾ ಮೇಜು ಕುಟ್ಟಿದರು. “ಇಲ್ಯಾನಾ, ನಿಮ್ಮ ಯಜಮಾನರು ಅಲ್ಲಿ ಫಿರಂಗಿ ಬಾಯಲ್ಲಿ ಕೂತಿದ್ದಾರೆ. ಒಂದೊಂದು ದಿನ ತಡವಾದಷ್ಟೂ ಯಾವನೋ ಒಬ್ಬ ಸೈನಿಕನ ಕೈ ನಡುಗಿದರೆ ಸಾಕು, ಎಲ್ಲಾ ಮುಗೀತು. ನೀವು ನೋಡಿದರೆ ಮೂರನೇ ದಶಮಾಂಶ ಅಂತೀರಿ!”

ಇಲ್ಯಾನಾ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕಾಳು ಜಾರಿ ನೆಲಕ್ಕೆ ಬಿತ್ತು. “ತಪ್ಪನ್ನು ತಪ್ಪೆಂದು ಹೇಳದೆ ಇರಲಾರೆ, ಕ್ಷಮಿಸಿ,” ಎಂದರು. ಕಣ್ಣಂಚು ಒದ್ದೆಯಾಗಿತ್ತು. ಬಾರ್ತಾಕ್ ಅವರ ಕಡೆ ನೋಡದೆ, “ಅವಳದ್ದೇ ತಪ್ಪು. ನಾಳೆ ಇನ್ನೊಂದು ಬರೀತೀನಿ,” ಎಂದು ಗೊಣಗಿದರು. ಅಂಜಿನಪ್ಪ ಇಬ್ಬರನ್ನೂ ಒಮ್ಮೆ ನೋಡಿ, ಪಾತ್ರೆಯನ್ನು ಅವರ ಮುಂದಕ್ಕೆ ಇನ್ನಷ್ಟು ಸರಿಸಿದ.

ತಾಳ್ಮೆಗೂ ಮಿತಿಯಿದೆ. ಹೊಸ ವರ್ಷದ ಮೊದಲ ವಾರ ವೆಲ್ದಾರಿನ ಜನರಲ್ ಒಬ್ಬರೂ ಕೊರೂನಿನ ಮಂತ್ರಿಣಿಯೊಬ್ಬರೂ ಎರಡು ಬೇರೆ ವಿಮಾನಗಳಲ್ಲಿ ಬಂದಿಳಿದರು. ಇಬ್ಬರದೂ ಒಂದೇ ಬೇಡಿಕೆ. ಈ ತಿಂಗಳೊಳಗೆ ಪೆಟ್ಟಿಗೆ ತೆರೆಯಬೇಕು, ಇಲ್ಲವಾದರೆ ಒಪ್ಪಂದ ಮುರಿದುಬಿದ್ದಂತೆ. ಯಮುನಾ ಹೂಗುಚ್ಛ ಹಿಡಿದು ಸ್ವಾಗತಿಸಿದರು. ಜನರಲ್ ಹೂಗುಚ್ಛವನ್ನು ಸಹಾಯಕನ ಕೈಗೆ ದಾಟಿಸಿ, “ನಾವು ಪ್ರೊಫೆಸರ್ ಅಂಜಿನಪ್ಪನವರ ಹತ್ತಿರ ಮಾತ್ರ ಮಾತಾಡುತ್ತೇವೆ,” ಎಂದರು. ಮಂತ್ರಿಣಿಯೂ ತಲೆಯಾಡಿಸಿದರು. ಮೂರು ತಿಂಗಳಲ್ಲಿ ಎರಡು ದೇಶಗಳು ಒಮ್ಮತಕ್ಕೆ ಬಂದ ಮೊದಲ ವಿಷಯ ಇದು.

ಅವರ ತಪ್ಪೇನೂ ಇಲ್ಲ. ಒಪ್ಪಂದದಲ್ಲಿದ್ದುದು ಅವನ ಹೆಸರು. ಇನ್ನೂರಕ್ಕೂ ಹೆಚ್ಚು ಪ್ರಬಂಧಗಳ ಮೊದಲ ಲೇಖಕ. ಎರಡು ದೇಶದ ಗೂಢಚಾರರೂ ಹುಡುಕಿ ಹುಡುಕಿ, ‘ಈ ಮಹಾನುಭಾವರು ಯಾವ ಸಮ್ಮೇಳನಕ್ಕೂ ಹೋಗುವುದಿಲ್ಲ, ಸಂದರ್ಶನ ಕೊಡುವುದಿಲ್ಲ, ದಿನವೂ ತಾವೇ ಪಾತಾಳಕ್ಕಿಳಿಯುತ್ತಾರೆ’ ಎಂದು ಭಯಭಕ್ತಿಯಿಂದ ವರದಿ ಕಳಿಸಿದ್ದರು.

ಯಮುನಾ ತಿದ್ದಲು ಹೊರಟರು. ಅಂಜಿನಪ್ಪ, “ಕರೀತಾವ್ರಲ್ಲ, ಓಗಿ ಬತ್ತೀನಿ ಬುಡಿ ಮೇಡಂ. ನಾನೂ ಪಟ್ಟೀಲಿ ಇರೋನೇ ಅಲ್ವಾ?” ಎಂದು ಖಾಕಿ ಅಂಗಿಯ ಗುಂಡಿ ಹಾಕಿಕೊಂಡ. ಅವನು ಕನ್ನಡದಲ್ಲಿ ಮಾತಾಡಿದ. ಜನರಲ್‌ಗೆ ಬಾರ್ತಾಕ್, ಮಂತ್ರಿಣಿಗೆ ಇಲ್ಯಾನಾ ಅನುವಾದಿಸಿದರು.

“ನಂದೊಂದು ಆಕ್ಷೇಪಣೆ ಐತೆ,” ಎಂದ ಅಂಜಿನಪ್ಪ.

ಇಬ್ಬರ ಮುಖವೂ ಕಪ್ಪಿಟ್ಟಿತು. ಪ್ರೊಫೆಸರರ ಆಕ್ಷೇಪಣೆಯೆಂದರೆ ಇನ್ನೆಷ್ಟು ತಿಂಗಳೋ!

“ದೊಡ್ದೇನಲ್ಲ. ನಮ್ಮೋರು ಏನಂತಾರೆ ಅಂದ್ರೆ, ಪೆಟ್ಟಿಗೆ ತೆಗೆಯೋಕೆ ಮುಂಚೆ ಲೆಕ್ಕ ಎಂಗೆ ಆಕ್ತೀವಿ ಅಂತ ಬರೀಬೇಕು ಅಂತಾರೆ. ಸರಿ, ಬರುದ್ರು. ತೆಗೆದಾದ್ಮೇಲೆ ನೀವೇನ್ ಮಾಡ್ತೀರಿ? ಅದು ಎಲ್ಲೂ ಬರೆದೇ ಇಲ್ವಲ್ಲ! ಅದ್ನೂ ಮೊದ್ಲೇ ಬರೀರಿ.”

“ಅಷ್ಟೇ ತಾನೆ?” ಎಂದು ಜನರಲ್ ಅಲ್ಲೇ ಬರೆಸಿದರು. ಕೊರೂನ್ ತಪ್ಪಿತಸ್ಥ ಎಂದಾದರೆ ಬೆಟ್ಟ, ನದಿಯ ಎರಡೂ ದಂಡೆ, ಸೆಲ್ನಾ ಪೇಟೆ ವೆಲ್ದಾರಿಗೆ ಸೇರಬೇಕು, ಅಧ್ಯಕ್ಷರು ಸೆರೆಮನೆಗೆ. ವೆಲ್ದಾರ್ ತಪ್ಪಿತಸ್ಥ ಎಂದಾದರೆ ವಿಷಾದ ವ್ಯಕ್ತಪಡಿಸಲಾಗುವುದು. ಮಂತ್ರಿಣಿಯ ಹಾಳೆಯೂ ಅದೇ, ಹೆಸರುಗಳು ಮಾತ್ರ ಅದಲುಬದಲು.

ಅಂಜಿನಪ್ಪ ಓದಿಸಿ ಕೇಳಿ ತಲೆಯಾಡಿಸಿದ. “ಇಂಗಲ್ಲ. ಎಸ್ರು ಬರೀಬೇಡಿ. ‘ತಪ್ಪು ಮಾಡಿದ ದೇಶ’ ಅಂತ ಬರ್ದು, ಎಸ್ರಿಗೆ ಜಾಗ ಬುಡಿ. ಪೆಟ್ಟಿಗೆ ತೆಗೆದ್ಮೇಲೆ ತುಂಬ್ಕೊಳ್ಳೋಣ. ಇಬ್ಬರೂ ಒಂದೇ ಆಳೆ ಮೇಲೆ ರುಜು ಆಕಿ.”

ಬಾರ್ತಾಕ್ ಅನುವಾದಿಸುತ್ತಾ ಅರ್ಧದಲ್ಲಿ ನಿಂತರು, ಮತ್ತೆ ಮುಂದುವರಿಸಿದರು. ಯಮುನಾ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಭೌತವಿಜ್ಞಾನಿಗಳು ಐವತ್ತು ವರ್ಷ ಕಣಗಳ ಮೇಲೆ ಪ್ರಯೋಗಿಸಿದ್ದ ಪದ್ಧತಿಯನ್ನು ಮನುಷ್ಯರ ಮೇಲೆ ಪ್ರಯೋಗಿಸಬಹುದೆಂದು ಅವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಜನರಲ್ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದರು. ತಪ್ಪು ಮಾಡಿದ ದೇಶದ ಅಧ್ಯಕ್ಷರು ಸೆರೆಮನೆಗೆ ಎಂದು ಬರೆದರೆ, ಒಂದು ವೇಳೆ ತಮ್ಮದೇ ಅಧ್ಯಕ್ಷರಾದರೆ? ಆ ಸಾಲು ಹೊಡೆದುಹೋಯಿತು. ನದಿಯ ದಂಡೆಗಳ ಸಾಲಿನ ಮೇಲೆ ಮಂತ್ರಿಣಿಯೂ ಗೆರೆ ಎಳೆದರು. ಅದೂ ಹೋಯಿತು. ಮೂರನೇ ದಿನಕ್ಕೆ ಬೆಟ್ಟ ಬಿಟ್ಟರು, ಐದನೇ ದಿನಕ್ಕೆ ಸೆಲ್ನಾ ಬಿಟ್ಟರು. ಒಂಬತ್ತನೇ ಕರಡಿನಲ್ಲಿ ಉಳಿದದ್ದು ಇಷ್ಟು: ತಪ್ಪು ಮಾಡಿದ ದೇಶ ಎರಡೂ ಕಡೆ ಬಿರುಕುಬಿಟ್ಟ ಮನೆಗಳನ್ನು ರಿಪೇರಿ ಮಾಡಿಸಬೇಕು, ತನ್ನ ಗಣಿ ಮತ್ತು ಕಾರ್ಖಾನೆಗಳನ್ನು ನೆರೆಯವರಿಗೆ ತೆರೆದು ತೋರಿಸಬೇಕು. ತಪ್ಪು ಯಾರದೇ ಇರಲಿ, ಎರಡೂ ಸೇನೆಗಳು ನಲವತ್ತು ಕಿಲೋಮೀಟರ್ ಹಿಂದೆ ಸರಿಯಬೇಕು. ಬರಿಯ ಭೂಕಂಪವಾಗಿದ್ದರೆ ಇಬ್ಬರೂ ಸೇರಿ ರಿಪೇರಿ ಮಾಡಿಸಬೇಕು, ಮುಚ್ಚಿರುವ ಗಡಿ ರೈಲು ಮತ್ತೆ ಓಡಬೇಕು.

“ಮುಗಿಯಿತಲ್ಲ, ಪ್ರೊಫೆಸರ್?” ಮಂತ್ರಿಣಿ ಸುಸ್ತಾಗಿ ಕೇಳಿದರು.

“ಇನ್ನೊಂದೇ ಒಂದು ತಾಯಿ. ನಿಮ್ ಬಾಂಬು, ಅವರ ಬಾಂಬು, ಭೂಕಂಪ, ಮೂರಾಯ್ತು. ನಾಲ್ಕನೇದು? ಪೆಟ್ಟಿಗೆ ತೆಗೆದ್ರೂ ಏನೂ ಗೊತ್ತಾಗ್ದಿದ್ರೆ?”

ಜನರಲ್ ನಕ್ಕುಬಿಟ್ಟರು. “ನಿಮ್ಮ ಯಂತ್ರಕ್ಕೆ ಗೊತ್ತಾಗದ್ದೂ ಉಂಟೇ?”

“ನಮ್ ಎಂಡ್ರಿಗೇ ಗೊತ್ತಾಗ್ದಿದ್ದು ಒಂದೊಂದಿರ್ತದೆ ಸಾಮಿ, ಯಂತ್ರದ್ದೇನು.”

ಹೊಟ್ಟೆ ತುಂಬ ನಕ್ಕು, ಎಷ್ಟೋ ದಿನಗಳ ಮೇಲೆ ಹಗುರಾಗಿ, ಇಬ್ಬರೂ ಹೆಚ್ಚು ಯೋಚಿಸದೆ ಬರೆದರು: ನಾಲ್ಕು: ಏನೂ ತಿಳಿಯದಿದ್ದಲ್ಲಿ, ಭೂಕಂಪಕ್ಕೆ ಹೇಳಿದ್ದೇ ಇದಕ್ಕೂ ಅನ್ವಯ. ರುಜು ಬಿತ್ತು.

ಅಲ್ಲಿಂದ ಎಣಿಕೆ ಶುರು. ಹದಿಮೂರನೇ ದಿನ ಯಮುನಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಇಲ್ಯಾನಾ ಕೆಮ್ಮಲಿಲ್ಲ. ಬಾರ್ತಾಕ್ ಕೆಮ್ಮಲಿಲ್ಲ. ಮೂರನೇ ದಶಮಾಂಶ ಇದ್ದಲ್ಲೇ ಇತ್ತು, ಅದರ ಗೊಡವೆಗೇ ಇಬ್ಬರೂ ಹೋಗಲಿಲ್ಲ.

ಜನವರಿ ಕೊನೆಯ ಬೆಳಿಗ್ಗೆ ಗಣಿಯ ಮೇಲಿನ ಸಭಾಂಗಣದಲ್ಲಿ ಮೊಹರು ಒಡೆಯಿತು. ಪರದೆಯ ಮೇಲೆ ಆ ದಿನದ ಚುಕ್ಕೆಗಳು ಸಾಲಾಗಿ ಬಂದವು. ಭೂಮಿ ನಡುಗಿದ್ದು ಭಾರತದ ವೇಳೆ ಮಧ್ಯಾಹ್ನ ಹನ್ನೆರಡು ಮೂವತ್ತೇಳಕ್ಕೆ. ಹನ್ನೆರಡು ಹತ್ತರವರೆಗೆ ಚುಕ್ಕೆಗಳಿದ್ದವು. ಒಂದು ಗಂಟೆ ಐದು ನಿಮಿಷದಿಂದ ಮತ್ತೆ ಇದ್ದವು. ನಡುವೆ ಏನೇನೂ ಇಲ್ಲ, ಬೋಳು.

ಯಮುನಾ ತಕ್ಷಣ ಪಾಳಿ ಪುಸ್ತಕ ತೆರೆದು ಓದಿದರು. ಆ ವಾರ ಅವರು ರಜೆ ಹಾಕಿ ಬಂಗಾರಪೇಟೆಯ ತವರಿಗೆ ಹೋಗಿದ್ದರು. ‘ಪಾಳಿ: ಬಾರ್ತಾಕ್ ಹೊವೀನ್, ಇಲ್ಯಾನಾ ತೊರೆಸ್ಕ್. ಕೇಜು: ಅಂಜಿನಪ್ಪ. ಹನ್ನೆರಡು ಹತ್ತರಿಂದ ಒಂದು ಐದರವರೆಗೆ ಯಂತ್ರಕ್ಕೆ ವಿಶ್ರಾಂತಿ. ಕಾರಣ: ಆಯುಧಪೂಜೆ.’

ಕೆಳಗೆ ಮೂರು ರುಜು. ಪಕ್ಕದಲ್ಲಿ ಕುಂಕುಮದ ಒಂದು ಬೆರಳಚ್ಚು.

“ಹತ್ ವರ್ಷದಿಂದ ಕೇಳ್ತಿದ್ದೆ ಮೇಡಂ,” ಅಂಜಿನಪ್ಪ ತಲೆ ಕೆರೆದುಕೊಂಡ. “ಊರಿನ ಬಸ್ಸು, ಲಾರಿ, ಹಿಟ್ಟಿನ ಗಿರಣಿ, ಎಲ್ಲಕ್ಕೂ ಅವತ್ತು ಒಂದ್ ಗಂಟೆ ರೆಸ್ಟು ಕೊಟ್ಟು ಹೂವಾ ಆಕ್ತಾರೆ. ಇದೊಂದೇ ಅನಾಥ ಯಂತ್ರ. ಈ ವರ್ಷ ಅವರಿಬ್ಬರೂ ಮನಸ್ ಮಾಡಿದ್ರು. ಆಫ್ ಮಾಡೋಕೆ ಇಬ್ಬರ ಬೀಗದ ಕೈನೂ ಬೇಕಲ್ಲ, ಇಬ್ಬರೂ ತಿರುಗ್ಸುದ್ರು. ಆಮೇಲೆ ಏಳೋಣ ಅಂದ್ರೆ ನೀವೇ ಬಾಯಿಗೆ ಬೀಗ ಅಂದ್ರಿ!”

ಜನರಲ್ ಎದ್ದು ನಿಂತರು. ಮುಖದ ಕೆಂಪು ಕಿವಿಯವರೆಗೆ ಹರಡಿತು. ಏನೋ ಕೂಗಲು ಹೊರಟವರು ಮೇಜಿನ ಮೇಲಿದ್ದ ಹಾಳೆಯನ್ನು ನೋಡಿದರು. ನಾಲ್ಕನೇ ಸಾಲು, ಪಕ್ಕದಲ್ಲಿ ತಮ್ಮದೇ ದುಂಡನೆಯ ರುಜು. ಮೊದಲು ನಕ್ಕವರು ಮಂತ್ರಿಣಿ. ಬಾಯಿಗೆ ಸೆರಗಿನಂತೆ ಶಾಲು ಒತ್ತಿಕೊಂಡು ನಗತೊಡಗಿದರು, ನಗುತ್ತಲೇ ಅವರ ಕಣ್ಣಿಂದ ನೀರು ಇಳಿಯಿತು. ತಮ್ಮವರೇ ಸಿಡಿಸಿದ್ದರೇನೋ ಎಂದು ಮೂರು ತಿಂಗಳು ಬೆಂದ ಹೊಟ್ಟೆ ಅದು. ಜನರಲ್‌ರದೂ ಅದೇ ಪಾಡು. ಅವರು ನಿಧಾನವಾಗಿ ಕೂತು, ಟೋಪಿ ತೆಗೆದು ಮೇಜಿನ ಮೇಲಿಟ್ಟು, ಕುಡಿಯಲು ನೀರು ಕೇಳಿದರು. ಯಾರೂ ಸೋಲದೆ ಮನೆಗೆ ಹೋಗುವ ದಾರಿ ಸಿಕ್ಕಿತ್ತು. ಆ ಸಂಜೆಯೇ ಫಿರಂಗಿಗಳು ಬೆಟ್ಟ ಇಳಿಯತೊಡಗಿದವು.

ಎಲ್ಲ ಹೋದ ಮೇಲೆ ಯಮುನಾ ಆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಬೈಯಬೇಕೆಂದುಕೊಂಡಿದ್ದರು, ಬಾಯಿಂದ ಬಂದದ್ದು ಬೇರೆ.

“ಪೆಟ್ಟಿಗೆ ಖಾಲಿ ಅಂತ ನಿಮಗೆ ಮೊದಲಿಂದ ಗೊತ್ತಿತ್ತು. ಬಾರ್ತಾಕ್, ನಿಮ್ಮ ಸರ್ಕಾರಕ್ಕೆ ಒಂದು ಮಾತು ಹೇಳಿದ್ದರೆ? ಕೋಲಾರಕ್ಕೆ ಏನೂ ಕಂಡಿಲ್ಲ, ಇನ್ನು ಯಾರ ಭಯವೂ ಇಲ್ಲ, ನುಗ್ಗಿ ಅಂತ?”

“ಏಳ್ಬೋದಿತ್ತು,” ಎಂದರು ಬಾರ್ತಾಕ್. “ಯಾನೊ ಅಲ್ಲವ್ನೆ ಅಲ್ವಾ. ಇವಳೂ ಏಳ್ಬೋದಿತ್ತು ಅವರೋರಿಗೆ. ನಮ್ಮೂರ್ ಕಡೆ ಅವರ ಫಿರಂಗಿನೂ ನಿಂತಿತ್ತಲ್ಲ.”

“ಹಾಗಾದರೆ ನೀವಿಬ್ಬರೂ ಕೂತು ಮಾತಾಡಿಕೊಂಡು, ಬೇಕೆಂದೇ ದಿನ ತಳ್ಳಿದಿರಿ?”

“ತಳ್ಳಿದ್ದು ನಿಜ, ಖಾಲಿ ಪೆಟ್ಟಿಗೆ ತೆರೆದ ದಿನವೇ ಗುಂಡು ಹಾರುತ್ತಿತ್ತು. ಆದರೆ ಕೂತು ಮಾತಾಡುವಂತಿರಲಿಲ್ಲವಲ್ಲ, ನಿಯಮ,” ಎಂದರು ಇಲ್ಯಾನಾ. “ಆ ದಿನದ ಬಗ್ಗೆ ನಾವು ಒಬ್ಬರಿಗೊಬ್ಬರು ಒಂದಕ್ಷರ ಆಡಲಿಲ್ಲ.”

“ಇವರು ಹೇಳಿಬಿಟ್ಟಾರು ಅಂತ ನಿಮಗೆ ಭಯ ಆಗಲಿಲ್ಲವಾ?”

“ಮೊದಲ ತಿಂಗಳು ಬಹಳ ಆಯಿತು. ಆಮೇಲೆ ಈ ಮನುಷ್ಯ ನನ್ನ ದಶಮಾಂಶಕ್ಕೆ ಒಂಬತ್ತು ಪುಟ ಬೈಗುಳ ಬರೆದ. ಅದನ್ನು ಓದಿ ಧೈರ್ಯ ಬಂತು. ನನ್ನ ಮನೆ ಸುಡಿಸಲು ಹೊರಟವನು ನನ್ನ ಹತ್ತಿರ ಇಷ್ಟು ಶ್ರದ್ಧೆಯಿಂದ ಜಗಳವಾಡುವುದಿಲ್ಲ.” ಇಷ್ಟು ಹೇಳಿ ಇಲ್ಯಾನಾ ಮೇಜಿನ ಮೇಲೆ ಕೈಯೂರಿ, ಮೂರು ತಿಂಗಳಿಂದ ಹಿಡಿದಿಟ್ಟದ್ದನ್ನೆಲ್ಲ ಅತ್ತುಬಿಟ್ಟರು. ಬಾರ್ತಾಕ್ ಗಲಿಬಿಲಿಗೊಂಡು, “ಅಳ್ಬೇಡ ಮಾರಾಯ್ತಿ, ಆ ದಶಮಾಂಶ ನೀನೇ ಸರಿ, ಆಯ್ತಾ?” ಎಂದರು. “ದಯೆ ತೋರಿಸಿ ಒಪ್ಪಬೇಡಿ, ಲೆಕ್ಕ ಮಾಡಿ ಒಪ್ಪಿ,” ಎಂದರು ಇಲ್ಯಾನಾ ಅಳುತ್ತಲೇ.

ಹತ್ತು ದಿನದ ಮೇಲೆ ಗಡಿ ರೈಲು ಓಡಿತು. ಹೆಂಚು, ಸಿಮೆಂಟು ತುಂಬಿದ ಹದಿನೆಂಟು ಡಬ್ಬಿಗಳನ್ನು ಎಳೆದುಕೊಂಡು ಯಾನೊ ಮೊದಲ ಬಾರಿಗೆ ವೆಲ್ದಾರಿನ ನೆಲದ ಮೇಲೆ ಎಂಜಿನ್ ನಿಲ್ಲಿಸಿದ. ಅಂದು ಹೆಂಡತಿಗೆ ಅವನು ಕಳಿಸಿದ ತಂತಿ ಎರಡು ಪುಟವಿತ್ತು.

ಬೆಟ್ಟದ ಕೆಳಗೆ ಆ ದಿನ ಏನಾಯಿತೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ನಲವತ್ತೊಂದು ದೇಶಗಳ ಯಂತ್ರವನ್ನು ಕೇಳದೆ ನಿಲ್ಲಿಸಿದ್ದಕ್ಕೆ ಮೂವರಿಗೂ ಕಾರಣ ಕೇಳಿ ನೋಟೀಸು ಹೋಯಿತು. ನೋಟೀಸಿನ ಮೇಲೆ ಮುನ್ನೂರು ಆಕ್ಷೇಪಣೆಗಳು ಬಂದವು, ಅದು ಇನ್ನೂ ಇತ್ಯರ್ಥವಾಗಿಲ್ಲ. ಅಷ್ಟರಲ್ಲಿ ಎರಡು ಸರ್ಕಾರಗಳೂ ಸೇರಿ ಒಂದು ವಿನಂತಿ ಕಳಿಸಿದವು: ವರ್ಷಕ್ಕೊಮ್ಮೆ ಆ ಐವತ್ತೈದು ನಿಮಿಷದ ವಿಶ್ರಾಂತಿ ಯಂತ್ರಕ್ಕೆ ಖಾಯಂ ಆಗಲಿ. ಹೀಗೆ ಈಗ ಪ್ರತಿ ಆಯುಧಪೂಜೆಯ ಮಧ್ಯಾಹ್ನ ಪಾತಾಳದರ್ಶಕ ಹೂಮಾಲೆ ಹಾಕಿಕೊಂಡು ಕಣ್ಣುಮುಚ್ಚುತ್ತದೆ, ಜಗತ್ತನ್ನು ಯಾರೂ ಕಾಯುವುದಿಲ್ಲ.

ಆದ್ದರಿಂದ ಆ ಹೊತ್ತಿಗೆ ಸರಿಯಾಗಿ ಜನರಲ್ ಕೊರೂನಿನ ಮಂತ್ರಿಣಿಗೆ ಫೋನು ಹಚ್ಚುತ್ತಾರೆ. ನೀವೂ ಏನೂ ಮಾಡುತ್ತಿಲ್ಲ, ನಾವೂ ಏನೂ ಮಾಡುತ್ತಿಲ್ಲ ಎಂದು ಒಬ್ಬರ ಉಸಿರು ಒಬ್ಬರಿಗೆ ಕೇಳುವಂತೆ, ಯಂತ್ರ ಮತ್ತೆ ಶುರುವಾಗುವವರೆಗೆ ಎರಡೂ ಕಡೆಯವರು ಫೋನು ಹಿಡಿದು ಕೂರಬೇಕೆಂದು ನಿಯಮ. ಮೊದಲ ವರ್ಷ ಐವತ್ತೈದು ನಿಮಿಷವೂ ಇಬ್ಬರೂ ಮೌನವಾಗಿದ್ದರು. ಎರಡನೇ ವರ್ಷ ಹವಾಮಾನದ ಬಗ್ಗೆ ಮಾತಾಯಿತು. ಮೂರನೇ ವರ್ಷ ಮಂತ್ರಿಣಿ ತಮ್ಮ ಮಂಡಿನೋವಿನ ವಿಷಯ ತೆಗೆದರು. ಈಗೀಗ ಯಂತ್ರ ಶುರುವಾಗಿ ಗಂಟೆ ಕಳೆದರೂ ಇಬ್ಬರೂ ಫೋನು ಇಡುವುದಿಲ್ಲವಂತೆ.